ಕಡಲ ನೀರಿನಿಂದ ಮೀನುಗಳ ಪಟ್ಟಿ: ಕಾಸರಗೋಡು ಕರಾವಳಿಗೆ ಪರಿಸರ ಡಿಎನ್‌ಎ ವಿಧಾನ ಎಷ್ಟು ಹೊಂದೀತು?

ಪ್ರಶ್ನೆ: ಕುಂಬಳೆ ಮಾಷ್ಟ್ರು

ಮಾನ್ಯರೇ,

ನಮ್ಮ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ನಾನೊಬ್ಬ ಸದಸ್ಯ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಯನ್ನು ಪರಿಷ್ಕರಿಸುವ ಕೆಲಸ ಈಗ ನಡೆಯುತ್ತಿದೆ. ಗದ್ದೆ, ತೋಟ, ಬನ, ಪಳ್ಳಗಳ ಭಾಗ ತಕ್ಕಮಟ್ಟಿಗೆ ತುಂಬಿದೆ. ಬಡವಾಗಿ ಉಳಿದಿರುವುದು ಕಡಲಿನ ಪುಟಗಳು. ಹಳೆಯ ದಾಖಲೆಯಲ್ಲಿ ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್, ತೊರಕೆ ಎಂದು ಮಾರುಕಟ್ಟೆಗೆ ಬರುವ ಮೀನುಗಳ ಹೆಸರುಗಳಷ್ಟೇ ಇವೆ. ಬೆಲೆ ಬಾರದ ಸಣ್ಣ ಮೀನು, ಬಂಡೆಗಳ ಸಂದಿನಲ್ಲಿ ಬದುಕುವ ಮೀನು, ಬಲೆಗೆ ಬಿದ್ದರೂ ಮೀನುಹುಡಿಯ ಕಾರ್ಖಾನೆಗೆ ರಾಶಿಯಾಗಿ ಹೋಗುವ ಮೀನು, ಇವುಗಳ ಬಗ್ಗೆ ಒಂದು ಸಾಲೂ ಇಲ್ಲ.

ಕಳೆದ ಸಭೆಯಲ್ಲಿ ಯುವ ಸದಸ್ಯರೊಬ್ಬರು ಪರಿಸರ ಡಿಎನ್‌ಎ ವಿಧಾನದ ಪ್ರಸ್ತಾಪವನ್ನು ಮುಂದಿಟ್ಟರು. ಕಡಲಿನಿಂದ ಒಂದೆರಡು ಲೀಟರ್ ನೀರು ತೆಗೆದು ಸೋಸಿ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಆ ನೀರಿನಲ್ಲಿ ಓಡಾಡಿದ ಮೀನುಗಳ ಪಟ್ಟಿಯೇ ಕೈಗೆ ಬರುತ್ತದೆ, ಬಲೆ ಹಾಕಬೇಕಾಗಿಲ್ಲ, ಒಂದು ಮೀನನ್ನೂ ಕೊಲ್ಲಬೇಕಾಗಿಲ್ಲ ಎಂಬುದು ಅವರ ವಿವರಣೆ. ಸಭೆಯಲ್ಲಿ ಕೆಲವರು ಉತ್ಸಾಹ ತೋರಿದರು, ಕೆಲವರು ನಕ್ಕರು. ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಾದರೂ ಈ ವಿಷಯದಲ್ಲಿ ಹೊಸಬ. ಆದುದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ.

ಹೀಗೆ ಸಿಗುವ ಪಟ್ಟಿಯನ್ನು ಸರಕಾರಿ ದಾಖಲೆಯಲ್ಲಿ ಬರೆಯುವಷ್ಟು ನಂಬಬಹುದೇ? ಯಾವ ಮೀನು ಇದೆ ಎಂಬುದರ ಜತೆಗೆ ಎಷ್ಟಿದೆ ಎಂಬುದನ್ನೂ ಅದು ಹೇಳೀತೇ? ನಮ್ಮ ಕರಾವಳಿಯಲ್ಲಿ ಮಂಜೇಶ್ವರ, ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಎಂದು ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಹೊಳೆ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯಿಂದಾಚೆಗೂ ನೀರು ಕೆಂಪಾಗಿಯೇ ಇರುತ್ತದೆ. ಇಂಥ ಕಡೆ ಈ ವಿಧಾನ ನಡೆದೀತೇ? ಪಂಚಾಯತಿನ ಹಣ ಖರ್ಚು ಮಾಡುವ ಮೊದಲು ಇದರ ಒಳ್ಳೆಯದು ಕೆಟ್ಟದು ಎರಡೂ ಗೊತ್ತಿರಬೇಕು ಎಂಬುದು ನನ್ನ ಅಪೇಕ್ಷೆ.

ಉತ್ತರ: ಉಪ್ಪಳದ ಸಂಶೋಧಕಿ

ಮಾಷ್ಟ್ರೇ, ನಮಸ್ಕಾರ. ನೀರಿನ ಮಾದರಿಗಳಿಂದ ಡಿಎನ್‌ಎ ಬೇರ್ಪಡಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೀನಿನ ಮೈಯ ಲೋಳೆ, ಉದುರಿದ ಹುರುಪೆ, ಮಲ, ಮೊಟ್ಟೆ ಮತ್ತು ವೀರ್ಯ ಇವುಗಳ ಮೂಲಕ ಅದರ ಡಿಎನ್‌ಎ ಸದಾ ನೀರಿಗೆ ಸೇರುತ್ತಿರುತ್ತದೆ. ಆ ನೀರನ್ನು ಅರ್ಧ ಮೈಕ್ರಾನಿನ ಆಸುಪಾಸಿನ ರಂಧ್ರಗಳಿರುವ ಸೋಸುಹಾಳೆಯಲ್ಲಿ ಸೋಸಿದರೆ ಜೀವಕೋಶಗಳೂ ಅವುಗಳ ಚೂರುಗಳೂ ಹಾಳೆಯ ಮೇಲೆ ಉಳಿಯುತ್ತವೆ. ಅಲ್ಲಿಂದ ಡಿಎನ್‌ಎ ತೆಗೆದು, ಮೀನುಗಳಿಗೆಂದೇ ರೂಪಿಸಿದ ಪ್ರೈಮರ್ (ಬೇಕಾದ ಭಾಗಕ್ಕೆ ಮಾತ್ರ ಅಂಟುವ ಚಿಕ್ಕ ಡಿಎನ್‌ಎ ತುಣುಕು) ಬಳಸಿ, ಮೈಟೊಕಾಂಡ್ರಿಯಾದ ಡಿಎನ್‌ಎಯ ಒಂದು ಸಣ್ಣ ಭಾಗವನ್ನು ಮಾತ್ರ ಪಿಸಿಆರ್ ಎಂಬ ನಕಲು ಮಾಡುವ ಕ್ರಮದ ಮೂಲಕ ಕೋಟಿಗಟ್ಟಲೆ ಪ್ರತಿಗಳನ್ನಾಗಿ ಮಾಡುತ್ತೇವೆ. ಆ ಪ್ರತಿಗಳ ಅಕ್ಷರಕ್ರಮವನ್ನು ಯಂತ್ರದಲ್ಲಿ ಓದಿಸಿ, ಈಗಾಗಲೇ ಗುರುತಿಸಲ್ಪಟ್ಟ ಮೀನುಗಳ ಡಿಎನ್‌ಎ ಸಂಗ್ರಹದೊಂದಿಗೆ ಹೋಲಿಸಿದಾಗ ಹೆಸರುಗಳು ಹೊರಬರುತ್ತವೆ. ಈ ಕೊನೆಯ ಹೆಜ್ಜೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಸಂಗ್ರಹದಲ್ಲಿ ಇಲ್ಲದ ಮೀನಿನ ಹೆಸರು ಎಷ್ಟು ನೀರು ಸೋಸಿದರೂ ಬರುವುದಿಲ್ಲ.

ದೊಡ್ಡ ಪ್ರಾಣಿಗಳ ಪತ್ತೆಗೆ ಈ ಉಪಾಯ ಮೊದಲು ಬಳಕೆಯಾದದ್ದು 2008ರಲ್ಲಿ, ಫ್ರಾನ್ಸಿನ ಕೊಳಗಳಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯನ್ನು ಹುಡುಕುವಾಗ. ಕಡಲಿನ ಸರದಿ ಬಂದದ್ದು 2012ರಲ್ಲಿ. ಡೆನ್ಮಾರ್ಕಿನ ತೀರದಲ್ಲಿ ಅರ್ಧರ್ಧ ಲೀಟರಿನ ಕೆಲವೇ ಮಾದರಿಗಳಿಂದ 15 ಜಾತಿಯ ಮೀನುಗಳ ಸುಳಿವು ಸಿಕ್ಕಿತು. ನಿಜವಾದ ತಿರುವು 2015ರಲ್ಲಿ ಜಪಾನಿನವರು ಪ್ರಕಟಿಸಿದ ಮಿಫಿಶ್ ಪ್ರೈಮರ್‌ಗಳಿಂದ ಬಂತು. ಅವು 12ಎಸ್ ಎಂಬ ವಂಶವಾಹಿಯಲ್ಲಿ 163ರಿಂದ 185 ಅಕ್ಷರಗಳಷ್ಟು ಉದ್ದದ ತುಣುಕೊಂದನ್ನು ಹಿಡಿಯುತ್ತವೆ. ಒಕಿನಾವಾದ ಅಕ್ವೇರಿಯಮ್ಮಿನ ತೊಟ್ಟಿಗಳಲ್ಲಿ ಯಾವ ಯಾವ ಮೀನುಗಳಿವೆ ಎಂಬುದು ಮೊದಲೇ ಗೊತ್ತಿದ್ದುದರಿಂದ ಪ್ರೈಮರ್‌ಗಳನ್ನು ಅಲ್ಲಿಯೇ ಪರೀಕ್ಷಿಸಿದರು. ನೂರಕ್ಕೆ 93ರಷ್ಟು ಜಾತಿಗಳು ನೀರಿನಿಂದಲೇ ಪತ್ತೆಯಾದವು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನಷ್ಟು ಹತ್ತಿರದ್ದು. ಜಪಾನಿನ ಮೈಜುರು ಕೊಲ್ಲಿಯಲ್ಲಿ 47 ಕಡೆಗಳಿಂದ ಒಂದೇ ದಿನ, ಸುಮಾರು ಆರು ಗಂಟೆಗಳ ಒಳಗೆ ತೆಗೆದ ನೀರಿನಲ್ಲಿ 128 ಜಾತಿಯ ಮೀನುಗಳು ಪತ್ತೆಯಾದವು. ಅದೇ ಕೊಲ್ಲಿಯಲ್ಲಿ 14 ವರ್ಷ ಮುಳುಗಿ ನೋಡಿ ಬರೆದಿಟ್ಟ ಪಟ್ಟಿಯ ಜಾತಿಗಳಲ್ಲಿ ನೂರಕ್ಕೆ ಅರುವತ್ತಕ್ಕಿಂತ ಸ್ವಲ್ಪ ಹೆಚ್ಚು ಇದರಲ್ಲಿಯೂ ಇದ್ದವು. ಮುಳುಗುವವರ ಕಣ್ಣಿಗೆ ಎಂದೂ ಬೀಳದ ಜಾತಿಗಳೂ ಸಿಕ್ಕಿದ್ದವು. ಆದರೆ ಕಣ್ಣಿಗೆ ಕಂಡ ಮೀನುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರಿನ ಪರೀಕ್ಷೆಯಿಂದ ತಪ್ಪಿಸಿಕೊಂಡಿದ್ದವು ಎಂಬ ಅಂಶವನ್ನು ಉತ್ಸಾಹಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನು ನಂಬಿಕೆಯ ವಿಚಾರ. ಕಡಲಿನಲ್ಲಿ ಡಿಎನ್‌ಎ ಬಹಳ ಕಾಲ ಉಳಿಯುವುದಿಲ್ಲ. ಸೂಕ್ಷ್ಮಜೀವಿಗಳು, ಬಿಸಿ ಮತ್ತು ಬಿಸಿಲು ಅದನ್ನು ಬೇಗನೆ ಒಡೆಯುತ್ತವೆ. ಬ್ರಿಟನ್ನಿನ ಕಡಲ ನೀರಿನಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ ಸುಮಾರು ಎರಡು ದಿನಗಳವರೆಗೆ ಅದನ್ನು ಗುರುತಿಸಬಹುದು, ಮತ್ತು ಹೊರಗಡಲಿಗಿಂತ ತೀರದ ನೀರಿನಲ್ಲಿ ಅದು ಬೇಗ ನಾಶವಾಗುತ್ತದೆ. ಇದು ಒಂದು ರೀತಿಯಲ್ಲಿ ಒಳ್ಳೆಯದೇ, ಏಕೆಂದರೆ ಸಿಕ್ಕಿದ ಸುಳಿವು ಹಳೆಯದಲ್ಲ ಎಂದು ಹೇಳಬಹುದು. ಆದರೆ ಆ ಎರಡು ದಿನಗಳಲ್ಲಿ ಕಡಲಿನ ಸೆಳೆತ ಅದನ್ನು ಎಷ್ಟು ದೂರ ಒಯ್ದಿರಬಹುದು ಎಂಬ ಪ್ರಶ್ನೆ ಉಳಿಯುತ್ತದೆ.

ಮಳೆಗಾಲದ ಬಗ್ಗೆ ನೀವು ಪಟ್ಟ ಸಂಶಯ ಸರಿಯಾದದ್ದೇ. ಕೆಸರು ನೀರಿನಲ್ಲಿ ಸೋಸುಹಾಳೆ ಕಟ್ಟಿಕೊಳ್ಳುತ್ತದೆ. ಒಂದು ಲೀಟರ್ ಸೋಸಬೇಕೆಂದು ಹೊರಟವರು ಕಾಲು ಲೀಟರಿಗೇ ನಿಲ್ಲಿಸಬೇಕಾಗುತ್ತದೆ. ಕೊಳೆತ ಎಲೆಗಳಿಂದ ಹೊಳೆಗೆ ಬರುವ ಹ್ಯೂಮಿಕ್ ಆಮ್ಲಗಳು ಪಿಸಿಆರ್ ನಡೆಯದಂತೆ ತಡೆಯುತ್ತವೆ. ಹೊಳೆಯ ಮೇಲ್ಭಾಗದ ಸಿಹಿನೀರಿನ ಮೀನುಗಳ ಡಿಎನ್‌ಎ ಕೂಡ ತೇಲಿ ಬಂದು ಅಳಿವೆಯ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಡಿಸೆಂಬರ್, ಜನವರಿಯ ತಿಳಿನೀರಿನಲ್ಲಿ ಆರಂಭಿಸಿ, ಮಳೆಗಾಲವನ್ನು ಅನುಭವ ಬಂದ ಮೇಲೆ ಸೇರಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಕೆಡುವುದು ಶುಚಿಯ ಕೊರತೆಯಿಂದ. ಮೀನುಗಾರಿಕೆಯ ದೋಣಿಯಲ್ಲಿ ಹೋಗಿ ನೀರು ತೆಗೆಯುವಿರಾದರೆ ಆ ದೋಣಿಯ ಹಲಗೆ, ಹಗ್ಗ, ಅಂಚು ಎಲ್ಲವೂ ಮೀನಿನ ಲೋಳೆಯಿಂದ ತೊಯ್ದಿರುತ್ತವೆ. ಹಗ್ಗ ಹಿಡಿದ ಕೈಯಲ್ಲೇ ಬಾಟಲಿಯ ಮುಚ್ಚಳ ತೆರೆದರೆ ಪಟ್ಟಿಯ ಮೊದಲ ಸಾಲಿನಲ್ಲಿ ಬಂಗುಡೆ ಬರುವುದು ಖಂಡಿತ, ಅದು ಬಂದದ್ದು ಕಡಲಿನಿಂದಲೋ ಕೈಯಿಂದಲೋ ಯಾರೂ ಹೇಳಲಾರರು. ಆದುದರಿಂದ ಪ್ರತಿ ಮಾದರಿಗೂ ಹೊಸ ಕೈಗವಸು ಹಾಕಬೇಕು. ಬ್ಲೀಚ್ ದ್ರಾವಣದಲ್ಲಿ ತೊಳೆದು, ಮತ್ತೆ ಶುದ್ಧ ನೀರಿನಲ್ಲಿ ಜಾಲಾಡಿಸಿದ ಬಾಟಲಿಯನ್ನೇ ಬಳಸಬೇಕು. ನೀರನ್ನು ದೋಣಿಯ ಮೂತಿಯ ಕಡೆಯಿಂದ, ಸೆಳೆತ ಬರುವ ದಿಕ್ಕಿನಿಂದ ತೆಗೆಯಬೇಕು. ಇವುಗಳ ಜತೆಗೆ ಅಂಗಡಿಯಿಂದ ತಂದ ಮುಚ್ಚಿದ ಬಾಟಲಿಯ ಕುಡಿಯುವ ನೀರನ್ನು ಅದೇ ದೋಣಿಯಲ್ಲಿ, ಅದೇ ಉಪಕರಣದಲ್ಲಿ ಸೋಸಿ ಖಾಲಿ ಮಾದರಿ ಎಂದು ಗುರುತು ಹಾಕಿ ಕಳುಹಿಸಬೇಕು. ಆ ಖಾಲಿ ಮಾದರಿಯಲ್ಲಿ ಮೀನು ಕಂಡುಬಂದರೆ ಆ ದಿನದ ಉಳಿದ ಮಾದರಿಗಳ ಪಟ್ಟಿಯನ್ನು ದಾಖಲೆಗೆ ಸೇರಿಸಬಾರದು.

ಉತ್ತರ: ಮಂಜೇಶ್ವರ ಬಂದರು

ಮಾಷ್ಟ್ರಿಗೂ ಅಕ್ಕನವರಿಗೂ ನಮಸ್ಕಾರ. ನಮ್ಮದು ತಲೆಮಾರುಗಳಿಂದ ಕಡಲಿಗೆ ಇಳಿಯುವ ಮನೆತನ. ಅಕ್ಕನವರು ದೋಣಿಯ ಲೋಳೆಯ ಬಗ್ಗೆ ಬರೆದದ್ದನ್ನು ಓದಿದಾಗ ಅದಕ್ಕಿಂತ ದೊಡ್ಡದೊಂದು ಸಂಗತಿ ಬಿಟ್ಟುಹೋಗಿದೆ ಎನ್ನಿಸಿತು.

ಬಂದರಿನ ಒಳಗಿನ ನೀರನ್ನು ನೋಡಿದವರಿಗೆ ಅದು ಗೊತ್ತಿರುತ್ತದೆ. ಬೋಟು ದಕ್ಕೆಗೆ ತಾಗಿದ ಕೂಡಲೇ ಮೀನಿನ ಕೋಣೆಯಲ್ಲಿ ಕರಗಿದ ಐಸಿನ ನೀರನ್ನು ಪಂಪು ಇಟ್ಟು ಹೊರಗೆ ಬಿಡುತ್ತಾರೆ. ಕೆಂಪು ಬಣ್ಣದ ಆ ನೀರಿನಲ್ಲಿ ವಾರಗಟ್ಟಲೆ ಆಳಕಡಲಿನಲ್ಲಿದ್ದು ಬಂದ ಬೋಟಿನ ಅಷ್ಟೂ ಮೀನಿನ ರಕ್ತ, ಲೋಳೆ, ಹುರುಪೆ ಇರುತ್ತದೆ. ಆ ಮೀನು ನಮ್ಮ ಪಂಚಾಯತಿನ ಎದುರಿನ ಕಡಲಿನದ್ದಲ್ಲ. ಎಷ್ಟೋ ಬಾರಿ ಗೋವಾದಾಚೆಯದ್ದೂ ಆಗಿರುತ್ತದೆ. ಏಲಂ ಮುಗಿದ ಮೇಲೆ ನೆಲ ತೊಳೆದ ನೀರು, ಮೀನು ಕತ್ತರಿಸುವ ಕಡೆಯ ತ್ಯಾಜ್ಯ, ಮನೆಗಳ ಬಚ್ಚಲ ನೀರು ಎಲ್ಲವೂ ಕೊನೆಗೆ ಹೊಳೆಗೋ ಕಡಲಿಗೋ ಸೇರುತ್ತವೆ. ಹೀಗಿರುವಾಗ ಬಂದರಿನ ಬದಿಯಲ್ಲಿ ಬಾಟಲಿ ಮುಳುಗಿಸಿ ತೆಗೆದ ಪಟ್ಟಿ ನಮ್ಮ ಕಡಲಿನದ್ದಾಗುವುದು ಹೇಗೆ?

ಎರಡನೆಯದು, ಜಾಗ ಗುರುತಿಸುವ ವಿಚಾರ. ನೀರು ಎಲ್ಲಿಂದ ತೆಗೆಯಬೇಕೆಂದು ನಕ್ಷೆಯಲ್ಲಿ ಸಮ ದೂರಕ್ಕೆ ಚುಕ್ಕಿ ಹಾಕಿಕೊಂಡು ಬರುವ ತಂಡಗಳನ್ನು ನಾನು ಕಂಡಿದ್ದೇನೆ. ಕಡಲಿನ ತಳ ಎಲ್ಲ ಕಡೆ ಒಂದೇ ತರದ್ದಲ್ಲ. ಎಲ್ಲಿ ಬಂಡೆ ಇದೆ, ಎಲ್ಲಿ ಮರಳು, ಎಲ್ಲಿ ಕೆಸರು, ಯಾವ ತಿಂಗಳು ಸೆಳೆತ ತೆಂಕಕ್ಕೆ, ಯಾವಾಗ ಬಡಗಕ್ಕೆ, ಅಳಿವೆಯ ಬಾಯಿಗೆ ಕಾಣೆ ಯಾವಾಗ ಬರುತ್ತದೆ ಎಂಬುದನ್ನು ಬೀಸುಬಲೆ ಹಾಕುವ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಅವರನ್ನು ಕೇಳಿ ಹತ್ತು ಜಾಗ ಆಯ್ದರೆ ನಕ್ಷೆಯ ನೂರು ಚುಕ್ಕಿಗಿಂತ ಹೆಚ್ಚು ಪ್ರಯೋಜನವಾದೀತು.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚವಿದೆ, ಆದರೂ ಹೇಳಬೇಕು. ಅಪರೂಪದ ಮೀನೊಂದರ ಹೆಸರು ಆ ಪಟ್ಟಿಯಲ್ಲಿ ಬಂತೆಂದು ಇಟ್ಟುಕೊಳ್ಳಿ. ಅದರ ಆಧಾರದ ಮೇಲೆ ನಾಳೆ ಇಲ್ಲಿ ಬಲೆ ಹಾಕಬಾರದು ಎಂಬ ಆದೇಶ ಬಂದರೆ ಕಷ್ಟವಾಗುವುದು ಸಣ್ಣ ದೋಣಿಯವರಿಗೆ. ನಮಗೆ ನಿಯಮಗಳ ಮೇಲೆ ದ್ವೇಷವಿಲ್ಲ. ಕಸಬ, ಬೇಕಲದಂಥ ಕಡೆ ಕಡಲಿಗೆ ಸಂಬಂಧಿಸಿದ ತಂಟೆಗಳನ್ನು ತೀರ್ಮಾನಿಸುವ ಕಡಕ್ಕೋಡಿ ಎಂಬ ನ್ಯಾಯಸಭೆಯನ್ನು ನಮ್ಮವರೇ ನಡೆಸಿಕೊಂಡು ಬಂದಿದ್ದಾರೆ. ನೀರು ತೆಗೆಯುವ ಮೊದಲು ಅಂಥ ಸಭೆಗಳಲ್ಲಿ ವಿಷಯ ತಿಳಿಸಿ, ಪಟ್ಟಿ ಬಂದ ಮೇಲೆ ಮೊದಲು ಅಲ್ಲಿಯೇ ಓದಿ ಹೇಳುವ ಕ್ರಮ ಇಟ್ಟುಕೊಂಡರೆ ದೋಣಿ ಕೊಡಲು ನಾವು ಹಿಂದೆ ಮುಂದೆ ನೋಡುವುದಿಲ್ಲ.

ಉತ್ತರ: ನೀಲೇಶ್ವರದ ಓದುಗ

ಮೀನು ಇಳಿಕೆಯ ಲೆಕ್ಕ ಬರೆಯುವ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ‘ಎಷ್ಟಿದೆ’ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಕೇರಳದಲ್ಲಿ ಬೂತಾಯಿಯ ಇಳಿಕೆ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇತ್ತು. 2021ರಲ್ಲಿ ಅದು 3,297 ಟನ್ನಿಗೆ ಕುಸಿಯಿತು. ನೂರು ಪಾಲಿನಲ್ಲಿ ಒಂದು ಪಾಲೂ ಉಳಿಯಲಿಲ್ಲ. ಈಗ ಯೋಚಿಸಿ ನೋಡಿ: ಈ ಎರಡೂ ವರ್ಷ ನಾವು ಕಡಲ ನೀರು ಸೋಸಿ ಪಟ್ಟಿ ಮಾಡಿದ್ದರೆ ಎರಡರಲ್ಲಿಯೂ ಬೂತಾಯಿ ‘ಇದೆ’ ಎಂದೇ ಬರುತ್ತಿತ್ತು. ಮಾಷ್ಟ್ರಿಗೆ ಅರ್ಥವಾಗುವಂತೆ ಹೇಳುವುದಾದರೆ ಅದು ತರಗತಿಯ ಹಾಜರಿ ಪುಸ್ತಕ, ಅಂಕಪಟ್ಟಿಯಲ್ಲ. ಮೀನುಗಾರರ ಮನೆಯಲ್ಲಿ ಒಲೆ ಉರಿಯುವುದೂ ಆರುವುದೂ ಆ ಹಾಜರಿಯಿಂದ ತೀರ್ಮಾನವಾಗುವುದಿಲ್ಲ.

ಯಂತ್ರ ಓದಿದ ಪ್ರತಿಗಳ ಸಂಖ್ಯೆಯಿಂದ ಮೀನಿನ ಪ್ರಮಾಣವನ್ನು ಊಹಿಸುವ ಪ್ರಯತ್ನಗಳು ನಡೆದಿವೆ. ಗ್ರೀನ್‌ಲ್ಯಾಂಡಿನ ಆಳಕಡಲಿನಲ್ಲಿ ಟ್ರಾಲ್ ಬಲೆಗೆ ಬಿದ್ದ ಮೀನಿಗೂ ನೀರಿನಲ್ಲಿ ಸಿಕ್ಕ ಡಿಎನ್‌ಎಗೂ ಕುಟುಂಬಗಳ ಮಟ್ಟದಲ್ಲಿ ಹೊಂದಾಣಿಕೆ ಕಂಡದ್ದೂ ಉಂಟು. ಆದರೂ ಪ್ರೈಮರ್ ಕೆಲವು ಜಾತಿಗಳಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಕೆಲವಕ್ಕೆ ಅಂಟುವುದಿಲ್ಲ. ದೊಡ್ಡ ಮೀನೂ ಸಣ್ಣ ಮೀನೂ ಲೋಳೆ ಬಿಡುವ ಪ್ರಮಾಣ ಬೇರೆ ಬೇರೆ. ಮೊಟ್ಟೆಯಿಡುವ ಕಾಲದಲ್ಲಿ ಡಿಎನ್‌ಎ ಒಮ್ಮೆಲೇ ಏರುತ್ತದೆ. ಇಷ್ಟು ಗೊಂದಲಗಳ ನಡುವೆ ಟನ್ನಿನ ಲೆಕ್ಕ ಹೇಳುವವರನ್ನು ನಾನಂತೂ ನಂಬಲಾರೆ.

ಇನ್ನೊಂದು ಕೊರತೆ ಕಾನೂನಿಗೆ ಸಂಬಂಧಿಸಿದ್ದು. ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಹಿಡಿಯಬಹುದಾದ ಕನಿಷ್ಠ ಉದ್ದವನ್ನು ನಿಗದಿಪಡಿಸಲಾಗಿದೆ. ಮರಿಮೀನಿನ ಹಿಡಿತ ಹೆಚ್ಚುತ್ತಿದೆಯೇ ಎಂದು ನೋಡಲು ಅಳತೆಪಟ್ಟಿ ಹಿಡಿದು ದಕ್ಕೆಯಲ್ಲಿ ಕೂರಲೇಬೇಕು. ಉದ್ದ, ವಯಸ್ಸು, ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂಬ ಯಾವ ವಿವರವೂ ನೀರಿನ ಡಿಎನ್‌ಎಯಲ್ಲಿ ಸಿಗುವುದಿಲ್ಲ.

ಹಾಗೆಂದು ವಿಧಾನವನ್ನೇ ತಳ್ಳಿಹಾಕುತ್ತಿಲ್ಲ. ನಮ್ಮ ಇಳಿಕೆಯ ಲೆಕ್ಕದ ದೌರ್ಬಲ್ಯವನ್ನು ನಾನೇ ಬಲ್ಲೆ. ಬಲೆಗೆ ಬಿದ್ದು ದಡಕ್ಕೆ ಬಂದದ್ದು ಮಾತ್ರ ನಮ್ಮ ಕಾಗದದಲ್ಲಿ ಇರುತ್ತದೆ. ಮಳೆಗಾಲದ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಟ್ರಾಲ್ ಬೋಟುಗಳ ಕಾಲಮು ಖಾಲಿ. ಬಂಡೆಯ ಸಂದಿನ ಸಣ್ಣ ಮೀನು ವರ್ಷವಿಡೀ ಇಲ್ಲ. ಮಾಷ್ಟ್ರು ಕೇಳಿದ ಬಡ ಪುಟಗಳು ತುಂಬಬೇಕಾದರೆ ನೀರಿನ ಪರೀಕ್ಷೆಯೇ ದಾರಿ. ಬಂಗುಡೆ, ಬೂತಾಯಿಯ ಗತಿ ತಿಳಿಯಲು ಅದು ದಾರಿಯಲ್ಲ ಎಂದಷ್ಟೇ ನನ್ನ ವಾದ.

ಪ್ರಶ್ನಿಸಿದವರಿಂದ: ಕುಂಬಳೆ ಮಾಷ್ಟ್ರು

ಮೂವರಿಗೂ ಕೃತಜ್ಞತೆಗಳು. ಬಂದರಿನವರ ಮಾತು ಓದಿದ ಮೇಲೆ ದಕ್ಕೆಯ ಬಳಿ ನೀರು ತೆಗೆಯುವ ಯೋಚನೆಯನ್ನು ಕೈಬಿಟ್ಟೆವು. ನಮ್ಮ ಯುವ ಸದಸ್ಯರ ಪಟ್ಟಿಯಲ್ಲಿ ಅದೇ ಮೊದಲ ಜಾಗವಾಗಿತ್ತು! ಸಂಶೋಧಕಿಯವರಲ್ಲಿ ಇನ್ನೆರಡು ಪ್ರಶ್ನೆ. ಸಂಗ್ರಹದಲ್ಲಿ ಇಲ್ಲದ ಮೀನಿನ ಹೆಸರು ಬರುವುದಿಲ್ಲ ಎಂದಿರಿ. ನಮ್ಮ ಕಡೆಯ ಮೀನುಗಳು ಅದರಲ್ಲಿ ಎಷ್ಟರ ಮಟ್ಟಿಗೆ ಇವೆ, ಇಲ್ಲದಿದ್ದರೆ ಸೇರಿಸುವುದಕ್ಕೆ ಪಂಚಾಯತಿನಿಂದ ಏನಾದರೂ ಸಾಧ್ಯವೇ? ಮತ್ತು, ಹಿಂದೆ ಇಲ್ಲಿ ಗರಗಸ ಮೀನು ಸಿಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅಂಥದ್ದೊಂದು ಈಗಲೂ ಇದೆಯೇ ಎಂದು ತಿಳಿಯಲು ಇದು ನೆರವಾದೀತೇ?

ಉತ್ತರ: ಉಪ್ಪಳದ ಸಂಶೋಧಕಿ

ಬಂದರಿನ ಅಣ್ಣ ಹೇಳಿದ ಸಂಗತಿಗೆ ಮೈಜುರು ಕೊಲ್ಲಿಯಲ್ಲೇ ಸಾಕ್ಷಿ ಇದೆ. ಅಲ್ಲಿ ಒಂದು ಜಾತಿಯ ಮೀನಿನ ಡಿಎನ್‌ಎ ಎಲ್ಲೆಲ್ಲಿ ದಟ್ಟವಾಗಿದೆ ಎಂದು ಅಳೆದಾಗ ಮೀನು ಮಾರುಕಟ್ಟೆಯ ಮುಂದಿನ ನೀರಿನಲ್ಲಿ ಅದು ವಿಪರೀತ ಹೆಚ್ಚಾಗಿತ್ತು. ಅದು ಈಜುತ್ತಿದ್ದ ಮೀನಿನದ್ದಲ್ಲ, ಮಾರಾಟಕ್ಕೆ ಬಂದ ಮೀನಿನದ್ದು. ಹಾಗಾಗಿ ಬಂದರಿನಿಂದಲೂ ದೊಡ್ಡ ಚರಂಡಿಗಳ ಬಾಯಿಯಿಂದಲೂ ಸಾಕಷ್ಟು ದೂರ ಹೋಗಿಯೇ ನೀರು ತೆಗೆಯಬೇಕು.

ಸಂಗ್ರಹದ ವಿಷಯದಲ್ಲಿ ನಮ್ಮ ಸ್ಥಿತಿ ಅರೆಬರೆ. ಭಾರತದ ಕಡಲ ಮೀನುಗಳ ಡಿಎನ್‌ಎ ಗುರುತುಗಳನ್ನು ಲಕ್ನೋದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯೂ ಇತರರೂ ಬಹಳಷ್ಟು ಮಾಡಿದ್ದಾರೆ. ಆದರೆ ಅವುಗಳಲ್ಲಿ ಹೆಚ್ಚಿನವು ಸಿಒಐ ಎಂಬ ಬೇರೆ ವಂಶವಾಹಿಯವು. ಮಿಫಿಶ್ ಓದುವುದು 12ಎಸ್ ವಂಶವಾಹಿಯನ್ನು. ನಮ್ಮ ಮೀನಿನ 12ಎಸ್ ದಾಖಲೆ ಇಲ್ಲದಿದ್ದಾಗ ಗಣಕಯಂತ್ರವು ಹತ್ತಿರದ ಸಂಬಂಧಿಯ ಹೆಸರನ್ನು ತೋರಿಸುತ್ತದೆ, ಅದು ಅರಬ್ಬೀ ಸಮುದ್ರವನ್ನೇ ಕಾಣದ ಮೀನಾಗಿರಲೂಬಹುದು. ಸಂಗ್ರಹದಲ್ಲಿರುವ ಹೆಸರುಗಳೂ ಸ್ಥಿರವಲ್ಲ. ದಶಕಗಳ ಕಾಲ ಪಾಂಪಸ್ ಅರ್ಜೆಂಟಿಯಸ್ ಎಂದು ಬರೆಯುತ್ತಿದ್ದ ನಮ್ಮ ಬಿಳಿ ಮಾಂಜಿಯನ್ನು ಡಿಎನ್‌ಎ ಪರೀಕ್ಷೆಯ ಬಳಿಕ ಪಾಂಪಸ್ ಕ್ಯಾಂಡಿಡಸ್ ಎಂಬ ಬೇರೆ ಜಾತಿ ಎಂದು ಗುರುತಿಸಲಾಗಿದೆ. ಸಂಗ್ರಹದ ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಕೇದರ್‌ನಂಥ (ಟ್ಯೂನಾ) ಹತ್ತಿರದ ಸಂಬಂಧಿಗಳನ್ನು ಅಷ್ಟು ಚಿಕ್ಕ ತುಣುಕಿನಿಂದ ಬೇರ್ಪಡಿಸುವುದೂ ಕಷ್ಟ. ಅಂಥಲ್ಲಿ ಗಣದ ಹೆಸರು ಬರೆದು ನಿಲ್ಲಿಸುವುದು ಪ್ರಾಮಾಣಿಕತೆ. ತೊರಕೆ, ತಾಟೆ (ಶಾರ್ಕ್) ಮೀನುಗಳಿಗೆ ಪ್ರತ್ಯೇಕವಾದ ಮಿಫಿಶ್ ಪ್ರೈಮರ್ ಇದೆ, ಅದನ್ನೂ ಬಳಸಿ ಎಂದು ಪ್ರಯೋಗಾಲಯಕ್ಕೆ ಮೊದಲೇ ಹೇಳಬೇಕು.

ಪಂಚಾಯತಿನಿಂದ ಆಗುವ ಕೆಲಸ ಇಲ್ಲಿಯೇ ಇದೆ, ಮತ್ತು ನನ್ನ ಅಭಿಪ್ರಾಯದಲ್ಲಿ ನೀರು ಸೋಸುವುದಕ್ಕಿಂತ ಮೊದಲು ಆಗಬೇಕಾದದ್ದೂ ಇದೇ. ಸ್ಥಳೀಯ ಸಣ್ಣ ದೋಣಿಗಳು ತರುವ, ಬೆಲೆಯಿಲ್ಲದೆ ಬೇರೆಗಿಡುವ ಮೀನುಗಳಿಂದ ಜಾತಿಗೊಂದೆರಡನ್ನು ಆರಿಸಿ, ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ. ಈಜುರೆಕ್ಕೆಯ ಉಗುರಿನಷ್ಟು ತುಂಡನ್ನು ಕತ್ತರಿಸಿ ಶುದ್ಧ ಎಥೆನಾಲಿನಲ್ಲಿ ಇಡಿ. ಪ್ರತಿ ಮೀನಿಗೂ ಕತ್ತರಿಯನ್ನು ಒರೆಸಿ ಶುಚಿ ಮಾಡಬೇಕು. ಉಳಿದ ಮೀನನ್ನು ಕೆಡದಂತೆ ಕಾಪಿಟ್ಟು, ಜಾತಿ ಗುರುತಿಸಬಲ್ಲ ತಜ್ಞರಿರುವ ಸಂಸ್ಥೆಗೆ ಒಪ್ಪಿಸಿ, ಸಂಖ್ಯೆ ಪಡೆಯಬೇಕು. ಆ ತುಂಡುಗಳ 12ಎಸ್ ಅಕ್ಷರಕ್ರಮ ಸಾರ್ವಜನಿಕ ಸಂಗ್ರಹ ಸೇರಿದರೆ ನಿಮ್ಮ ಪಟ್ಟಿಗೆ ಮಾತ್ರವಲ್ಲ, ಮಂಗಳೂರು, ಕಣ್ಣೂರಿನವರ ಪಟ್ಟಿಗೂ ಉಪಕಾರವಾಗುತ್ತದೆ.

ಗರಗಸ ಮೀನಿನ ಪ್ರಶ್ನೆಗೆ ಎಲ್ಲ ಮೀನುಗಳನ್ನೂ ಒಟ್ಟಿಗೆ ಓದುವ ಈ ಕ್ರಮ ಅಷ್ಟು ಸೂಕ್ತವಲ್ಲ. ಆ ಒಂದೇ ಜಾತಿಗೆಂದು ರೂಪಿಸಿದ ಪರೀಕ್ಷೆಯೇ ಬೇಕು. ಆಸ್ಟ್ರೇಲಿಯಾದಲ್ಲಿ ಗರಗಸ ಮೀನನ್ನು ಹಾಗೆ ನೀರಿನಿಂದ ಪತ್ತೆ ಮಾಡಿದ್ದಾರೆ. ನಮ್ಮಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿರುವುದರಿಂದ ಒಂದು ಮಾದರಿಯ ಫಲಿತಾಂಶವನ್ನು ಹಿಡಿದು ಏನನ್ನೂ ಪ್ರಕಟಿಸಬೇಡಿ. ಬೇರೆ ದಿನ, ಬೇರೆ ಬಾಟಲಿಗಳಲ್ಲಿ ಮತ್ತೆ ಸಿಗಬೇಕು. ಸಿಗದಿದ್ದರೂ ಆ ಮೀನು ಇಲ್ಲ ಎಂದು ಬರೆಯುವ ಹಾಗಿಲ್ಲ. ದಾಖಲೆಯ ನಮೂನೆಯಲ್ಲಿ ಪ್ರತಿ ಹೆಸರಿನ ಮುಂದೆ ‘ಕಣ್ಣಿಗೆ ಕಂಡದ್ದು’, ‘ಬಲೆಗೆ ಬಿದ್ದದ್ದು’, ‘ನೀರಿನ ಡಿಎನ್‌ಎಯಿಂದ ತಿಳಿದದ್ದು’ ಎಂದು ಮೂರು ಕಾಲಮು ಇಟ್ಟುಕೊಂಡರೆ ಮುಂದೆ ಓದುವವರಿಗೆ ಯಾವುದನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ.

ಉತ್ತರ: ಮಂಜೇಶ್ವರ ಬಂದರು

ರೆಕ್ಕೆಯ ತುಂಡು ಸಂಗ್ರಹಿಸಲು ನಮ್ಮ ಕಡೆಯ ಹುಡುಗರನ್ನು ಸೇರಿಸಿಕೊಳ್ಳಿ, ಮೀನಿನ ಸ್ಥಳೀಯ ಹೆಸರನ್ನೂ ಸಿಕ್ಕಿದ ಜಾಗವನ್ನೂ ಅವರೇ ಬರೆದುಕೊಡುತ್ತಾರೆ. ಒಂದು ವಿನಂತಿ: ಟ್ರಾಲಿಂಗ್ ನಿಷೇಧ ಮುಗಿದ ಮೊದಲ ವಾರ ಮಾತ್ರ ಬರಬೇಡಿ ಮಾಷ್ಟ್ರೇ. ಆಗ ದಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಯಾರಿಗೂ ನಿಂತು ಮಾತನಾಡುವ ಪುರುಸೊತ್ತೂ ಇರುವುದಿಲ್ಲ. ಹದಿನೈದು ದಿನ ಬಿಟ್ಟು, ಬೆಳಗ್ಗಿನ ಏಲಂ ಮುಗಿಯುವ ಹೊತ್ತಿಗೆ ಬನ್ನಿ.